ಕರಿಬಟ್ಟೆಯ ತಾಯತ

ರೇವತಿಯ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಫ್ರಿಜ್ಜಿನಿಂದ. ಫ್ರಿಜ್ಜು ತನಗಿಲ್ಲವಲ್ಲ ಎಂಬ ಹೊಟ್ಟೆಕಿಚ್ಚಲ್ಲ ಅದು. ಹಾಗಿದ್ದರೆ ಶಿವಾಜಿನಗರದ ಆ ಗಲ್ಲಿಯಲ್ಲಿ ಬಾಡಿಗೆಗಿದ್ದವರೆಲ್ಲ ಹೊಟ್ಟೆ ಸುಟ್ಟುಕೊಂಡೇ ಸಾಯಬೇಕಿತ್ತು. ಫ್ರಿಜ್ಜು ಕೆಳಗಿನ ಮನೆಯ ಜಹನಾರಾಳದು. ಅದರ ಬಾಗಿಲಿನ ಗೂಡಿನಲ್ಲಿ, ಮೊಟ್ಟೆ ನಿಂಬೆಹಣ್ಣುಗಳ ಪಕ್ಕ, ಒಂದು ಪುಟ್ಟ ಸೀಸೆಯಲ್ಲಿ ರೇವತಿಯ ಮಗಳ ಜೀವ ಕೂತಿತ್ತು. ಹೆತ್ತ ಮಗಳ ಜೀವ ಬೇರೆಯವರ ಮನೆಯ ಮೊಟ್ಟೆಗಳ ಪಕ್ಕ ಕೂತರೆ ಯಾವ ತಾಯಿಗೆ ತಾನೇ ನೆಮ್ಮದಿ?

ಮಗಳ ಹೆಸರು ಸೌಂದರ್ಯಾ, ಒಂಬತ್ತರ ಹುಡುಗಿ. ತೊಂಬತ್ತೆಂಟರ ಬೇಸಿಗೆಯಲ್ಲಿ ಅವಳು ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ಸೆಕೆಗೆ ಎಂದುಕೊಂಡರು. ಎಷ್ಟು ಉಂಡರೂ ಮೈ ಇಳಿಯುತ್ತಿತ್ತು. ಬೆಳೆಯುವ ಹುಡುಗಿ ಎಂದುಕೊಂಡರು. ಒಂದು ದಿನ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿ ಬಿದ್ದಾಗ ಅಪ್ಪ ದುರ್ಗೇಶ ತನ್ನ ಲಗೇಜ್ ಆಟೋದಲ್ಲಿದ್ದ ಬಟ್ಟೆಯ ಗಂಟುಗಳನ್ನು ರಸ್ತೆಯಲ್ಲೇ ಇಳಿಸಿ, ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಡಾಕ್ಟರು, ಈ ಹುಡುಗಿಯ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿದೆ, ಮಾತ್ರೆಯಿಂದ ಆಗುವುದಲ್ಲ, ಬೆಳಿಗ್ಗೆ ಸಂಜೆ ಊಟಕ್ಕೆ ಮುಂಚೆ ಇಂಜೆಕ್ಷನ್ ಆಗಲೇಬೇಕು ಎಂದರು.

"ಎಷ್ಟ್ ದಿನ್ರೀ ಸಾಹೇಬ್ರ?" ಎಂದು ರೇವತಿ ಕೇಳಿದಳು.

"ಊಟ ಎಷ್ಟ್ ದಿನ ಮಾಡ್ತಾಳೋ ಅಷ್ಟ್ ದಿನ ಕಣಮ್ಮ."

ಸೇಡಂ ಕಡೆಯ ಹಳ್ಳಿಯಿಂದ ಬಂದು ಬೆಂಗಳೂರಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದವಳು ರೇವತಿ. ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ನಲ್ಲಿಯ ಸರದಿಯಲ್ಲಿ ಗಂಡಸರನ್ನೂ ಹಿಂದಕ್ಕೆ ತಳ್ಳಿ ಕೊಡ ತುಂಬಿಸಿಕೊಂಡು ಬರುವವಳು. ಆದರೆ ಮೊದಲ ಸಂಜೆ ಸಿರಿಂಜು ಹಿಡಿದದ್ದೇ ತಡ, ಅವಳ ಕೈ ಗಡಗಡ ನಡುಗತೊಡಗಿತು. ಸೂಜಿ ಓರೆಯಾಗಿ ಹೊಕ್ಕಿತು, ರಕ್ತ ಜಿನುಗಿತು, ಹುಡುಗಿ ಗಲ್ಲಿಗೆಲ್ಲ ಕೇಳುವಂತೆ ಕಿರುಚಿದಳು. ಕೆಳಗಿನಿಂದ ಓಡಿ ಬಂದವಳು ಮನೆಯ ಒಡತಿ ಜಹನಾರಾ. ಮೊಹಲ್ಲಾದವರೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಸಕ್ಕರೆ ರೋಗದ ಅತ್ತೆಗೆ ವರ್ಷಗಟ್ಟಲೆ ಇಂಜೆಕ್ಷನ್ ಹಾಕಿ, ಕಳೆದ ವರ್ಷವಷ್ಟೇ ಅತ್ತೆಯನ್ನು ಮಣ್ಣು ಮಾಡಿದ್ದಳು.

"ಅಲ್ನೋಡು ಬೇಟಾ, ಕಿಟಕೀಲಿ ಕಾಗೆ," ಎಂದಳು ಜಹನಾರಾ. ಹುಡುಗಿ ಕಾಗೆ ಹುಡುಕುವುದರೊಳಗೆ ಸೂಜಿ ಒಳಗೆ ಹೋಗಿ ಹೊರಗೂ ಬಂದಿತ್ತು. "ಮುಗೀತು. ಔಷಧಿ ನಮ್ಮನೇಲೇ ಇರ್ಲಿ ರೇವತಿ, ಫ್ರಿಜ್ಜಿದೆ. ಬೆಳಿಗ್ಗೆ ಸಂಜೆ ಕಳ್ಸು, ನಾನೇ ಹಾಕ್ತೀನಿ."

ರೇವತಿ ಅಂದು ಅವಳ ಕೈ ಹಿಡಿದು ಅತ್ತಳು. ದೇವರೇ ಕಳಿಸಿದಂತೆ ಬಂದಿರಿ ಎಂದಳು. ಆ ಮಾತು ಒಂದು ತಿಂಗಳಷ್ಟೇ ಬಾಳಿತು.

ಯಾಕೆಂದರೆ ಮಗಳು ದಿನಕ್ಕೆರಡು ಸಲ ಮೆಟ್ಟಿಲಿಳಿದು ಹೋಗುವುದೇನೋ ಸರಿ, ಹತ್ತಿ ಬರುವಾಗ ಸ್ವಲ್ಪ ಬೇರೆಯವಳಾಗಿ ಬರುತ್ತಿದ್ದಳು. ಜಡೆಗೆ ಬೇರೆ ಎಣ್ಣೆಯ ವಾಸನೆ. ಬಾಯಲ್ಲಿ 'ಖಾಲಾ.' ಖಾಲಾ ಅಂದರೆ ಚಿಕ್ಕಮ್ಮನಂತೆ. ಯಾರು ಹೆತ್ತ ಚಿಕ್ಕಮ್ಮ? ಇವತ್ತು ಕೈಗೆ ಬೇಡ, ತೊಡೆಗೆ ಅಂದ್ಳು ಖಾಲಾ. ಆಟ ಆಡೋ ಮುಂಚೆ ಬಿಸ್ಕತ್ತು ತಿನ್ನು ಅಂದ್ಳು ಖಾಲಾ. ಒಂದು ದಿನವಂತೂ ಊಟಕ್ಕೆ ಕೂತ ಹುಡುಗಿ ತಟ್ಟೆ ನೋಡಿ, "ಅವ್ವಾ, ರೊಟ್ಟಿ ಸಣ್ಣದು ಮಾಡ್ಬೇಕಂತ. ದಿನಾ ಒಂದೇ ಅಳತೀಲಿ ಇರ್ಬೇಕಂತ. ಖಾಲಾ ಹೇಳಿದ್ಳು," ಎಂದಳು.

ರೇವತಿಯ ಜೋಳದ ರೊಟ್ಟಿಗೆ ಅಳತೆ ಹೇಳಲು ಇವಳ್ಯಾರು? ಅವಳ ರೊಟ್ಟಿ ತಟ್ಟೆಯ ಅಂಚು ಮೀರಿ ಹರಡುತ್ತಿತ್ತು, ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಅವಳ ಅತ್ತೆ ಶೇಷಮ್ಮ ಕೂಡ, ಜೀವನದಲ್ಲಿ ಯಾರನ್ನೂ ಹೊಗಳದ ಹೆಂಗಸು, ಆ ರೊಟ್ಟಿ ನೋಡಿ ಬಾಯಿ ಮುಚ್ಚಿಕೊಂಡಿದ್ದಳು. ಈಗ ಜೋಳದ ಹಿಟ್ಟು ನಾದಿದ ಅಭ್ಯಾಸವೂ ಇಲ್ಲದವಳೊಬ್ಬಳು ಅದನ್ನು ಚಿಕ್ಕದು ಮಾಡು ಎನ್ನುತ್ತಾಳೆ. ರೇವತಿ ಅಂದು ಬೇಕೆಂದೇ ಇನ್ನಷ್ಟು ದೊಡ್ಡ ರೊಟ್ಟಿ ಬಡಿದಳು. ಹುಡುಗಿ ಜಾಣೆ, ಅರ್ಧ ಮುರಿದು ಅಪ್ಪನ ತಟ್ಟೆಗೆ ಹಾಕಿದಳು.

ಹಾಗೆಂದು ರೇವತಿ ಸುಮ್ಮನೆ ಕೂತವಳಲ್ಲ. ತಾಯಿ ಅಂದರೇನೆಂದು ತೋರಿಸಲು ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಊರಿಂದ ಬಂದಿದ್ದ ಶೇಂಗಾ ಉಂಡಿ, ಎಲ್ಲವನ್ನೂ ಹೊರಗೆ ಹಾಕಿದಳು. ಮಗಳು ತಿನ್ನದ ಸಿಹಿ ಮನೆಗೇ ಬೇಡ. ತಾನೂ ಸಪ್ಪೆ ಚಹಾ ಕುಡಿದಳು, ಗಂಡನಿಗೂ ಕುಡಿಸಿದಳು. ದುರ್ಗೇಶ ಮನೆಯಲ್ಲಿ ಮುಖ ಕಿವುಚಿಕೊಂಡು ಕುಡಿದು, ಗಲ್ಲಿಯ ತುದಿಯ ಅಕ್ತರನ ಹೋಟೆಲಿನಲ್ಲಿ ಸಕ್ಕರೆ ಹಾಕಿಸಿಕೊಂಡು ಮತ್ತೆ ಕುಡಿಯುತ್ತಿದ್ದ. ಈ ತ್ಯಾಗವನ್ನು ಜಹನಾರಾ ಮೆಚ್ಚಿಕೊಳ್ಳಲಿ ಎಂದು ರೇವತಿ ಒಂದು ದಿನ ತಾನಾಗಿಯೇ ಹೇಳಿದಳು.

ಜಹನಾರಾ ಮೆಚ್ಚಲಿಲ್ಲ. "ಅರೆ, ಸಕ್ಕರೆ ಮನೇಲಿ ಇರ್ಬೇಕು ರೇವತಿ. ಮೈಯಲ್ಲಿ ಒಮ್ಮೊಮ್ಮೆ ತೀರಾ ಕಡಿಮೆ ಆಗ್ಬಿಡುತ್ತೆ, ಬೆವರ್ತಾರೆ, ನಡುಗ್ತಾರೆ. ಆವಾಗ ಸಕ್ಕರೇನೇ ಔಷಧಿ. ಆಸ್ಪತ್ರೇಲೂ ಹೇಳಿರ್ತಾರಲ್ಲ?"

ಆಸ್ಪತ್ರೆಯಲ್ಲಿ ಹೇಳಿದ್ದರು, ನಿಜ. ಅಲ್ಲಿ ಹೇಳಿದ ನೂರು ಮಾತುಗಳಲ್ಲಿ ಅದೂ ಒಂದು. ಆದರೆ ಜಹನಾರಾಳ ಬಾಯಿಂದ ಬಂದದ್ದರಿಂದ ಅದು ರೇವತಿಯ ಕಿವಿಯೊಳಗೆ ಇಳಿಯಲಿಲ್ಲ. ಸಕ್ಕರೆ ರೋಗಕ್ಕೆ ಸಕ್ಕರೆಯಂತೆ! ನಾನು ಮಾಡಿದ್ದೆಲ್ಲ ತಪ್ಪು, ಇವಳು ಮಾಡಿದ್ದೆಲ್ಲ ಸರಿ ಎಂದು ಗೊಣಗಿಕೊಂಡು ಮೆಟ್ಟಿಲು ಹತ್ತಿದಳು.

ಆಮೇಲೆ ಬಂತು ತಾಯತ.

ಭಾನುವಾರ ಮಗಳಿಗೆ ಎಣ್ಣೆ ಹಚ್ಚಿ ಎರೆಯಲು ಕೂಡಿಸಿದಾಗ ರೇವತಿ ಅದನ್ನು ಕಂಡಳು. ಕೊರಳಲ್ಲಿ ಕರಿದಾರ, ದಾರದ ತುದಿಗೆ ಬೆರಳು ಗಾತ್ರದ ಕರಿಬಟ್ಟೆಯ ಪೊಟ್ಟಣ, ನಾಲ್ಕೂ ಕಡೆ ಒತ್ತೊತ್ತಾಗಿ ಹೊಲಿಗೆ.

"ಏನಿದು?"

"ಖಾಲಾ ಕಟ್ಟಿದ್ದು. ಯಾವತ್ತೂ ಬಿಚ್ಬಾರ್ದಂತ."

ರೇವತಿಗೆ ತಾಯತದ ಮೇಲೆ ತಕರಾರಿರಲಿಲ್ಲ. ಅವಳ ಊರಿನವರೂ ದರ್ಗಾಕ್ಕೆ ನಡೆದುಕೊಳ್ಳುವವರೇ. ಅವಳು ಮಲಗಿದ್ದ ತೊಟ್ಟಿಲಿಗೂ ಪೀರಪ್ಪನ ದಾರ ಕಟ್ಟಿತ್ತು. ತಕರಾರಿದ್ದದ್ದು ಕಟ್ಟಿದ ಕೈಯ ಮೇಲೆ. ಹೆತ್ತವಳನ್ನು ಒಂದು ಮಾತೂ ಕೇಳದೆ ಮಗಳ ಕೊರಳಿಗೆ ಕಟ್ಟುವುದೆಂದರೆ ಏನರ್ಥ? ಅರ್ಥ ಒಂದೇ. ಹುಡುಗಿಯ ಮನಸ್ಸು ಕೆಳಗಿನ ಮನೆಗೆ ಅಂಟಿಕೊಳ್ಳಲಿ, ಮೇಲಿನ ಮನೆ ಮರೆಯಲಿ ಎಂದೇ ಮಂತ್ರಿಸಿ ಕಟ್ಟಿದ್ದಾಳೆ. ಅದಕ್ಕೇ ಹುಡುಗಿ ಮಾತಿಗೊಮ್ಮೆ ಖಾಲಾ ಎನ್ನುವುದು. ಅಷ್ಟು ದಿನದ ಸಂಕಟಕ್ಕೆಲ್ಲ ಒಂದು ಕಾರಣ ಸಿಕ್ಕಿದ್ದರಿಂದ ರೇವತಿಗೆ ಒಂಥರಾ ಸಮಾಧಾನವೂ ಆಯಿತು.

ಮಧ್ಯಾಹ್ನ ಮಗಳು ಮಲಗಿದ್ದಾಗ ಈಳಿಗೆಯಲ್ಲಿ ದಾರ ಕತ್ತರಿಸಿದಳು. ಬಿಸಾಡಲು ಕೈ ಬರಲಿಲ್ಲ. ಎಂಥದ್ದಾದರೂ ತಾಯತ ತಾಯತವೇ, ಕಾಲಡಿ ಬಿದ್ದರೆ ಕೇಡು. ಅಮಾವಾಸ್ಯೆಗೆ ಹಲಸೂರು ಕೆರೆಗೆ ಬಿಟ್ಟು ಕೈಮುಗಿದು ಬಂದರಾಯಿತು ಎಂದು ಅದನ್ನು ಅಟ್ಟದ ಮೇಲಿನ ಡಬ್ಬಿಯಲ್ಲಿ ಹಾಕಿಟ್ಟಳು. ಎದ್ದ ಹುಡುಗಿ ಕೊರಳು ಮುಟ್ಟಿಕೊಂಡಳು. ಅವ್ವನ ಮುಖ ನೋಡಿದಳು. ಕೆಳಗೆ ಹೋಗುವ ಮುಂಚೆ ಖಾಲಾಗೆ ಕಾಣದಂತೆ ಕೊರಳಿನ ಗುಂಡಿ ಹಾಕಿಕೊಂಡಳು.

ಅಲ್ಲಿಗೆ ರೇವತಿ ನಿಶ್ಚಯಿಸಿಬಿಟ್ಟಳು. ಸೂಜಿ ಯಾರ ಕೈಯಲ್ಲಿದೆಯೋ ಮಗಳು ಅವರವಳು. ಆ ಸೂಜಿ ತನ್ನ ಕೈಗೆ ಬರಬೇಕು.

ಕಲಿಯುವುದು ಹೇಗೆ? ಮನೆಯಲ್ಲಿ ಬದನೆಕಾಯಿ ಇತ್ತು. ಹಳೆಯ ಸಿರಿಂಜೊಂದರಲ್ಲಿ ನೀರು ಎಳೆದು, ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ರೇವತಿ ಬದನೆಕಾಯಿಗಳಿಗೆ ಇಂಜೆಕ್ಷನ್ ಹಾಕತೊಡಗಿದಳು. ಮೊದಮೊದಲು ಬದನೆಕಾಯಿಗೂ ಕೈ ನಡುಗುತ್ತಿತ್ತು. ಎದುರಿಗೆ ಜಹನಾರಾಳ ಮುಖವನ್ನು ನೆನೆಸಿಕೊಂಡರೆ ಕೈ ಗಟ್ಟಿಯಾಗುತ್ತಿತ್ತು. ಇಂಜೆಕ್ಷನ್ ಆದ ಬದನೆಕಾಯಿಗಳೆಲ್ಲ ಎಣ್ಣೆಗಾಯಿಯಾಗುತ್ತಿದ್ದವು.

"ಏನಿದು, ಬದನಿಕಾಯಿ ತುಂಬಾ ತೂತು?" ಎಂದ ದುರ್ಗೇಶ ಒಂದು ರಾತ್ರಿ ಊಟದಲ್ಲಿ.

"ಹುಳ."

"ಹುಳ ಇಷ್ಟ್ ಅಳತಿ ಇಟ್ಟು ತಿಂತಾವೇನು?"

"ಉಣ್ಣೂದಿದ್ರ ಉಣ್ಣು."

ಇನ್ನು ಔಷಧಿ. ಇನ್ನೊಂದು ಸೀಸೆ ತಾ ಎಂದು ಗಂಡನಿಗೆ ಗಂಟುಬಿದ್ದಳು. ಕೆಳಗಿನ ಮನೆಯ ಕರೆಂಟು ಹೋಗಿ ಫ್ರಿಜ್ಜು ಕೆಟ್ಟರೆ ಏನು ಗತಿ ಎಂದು ಹೆದರಿಸಿದಳು. ಅವನು ತಂದುಕೊಟ್ಟ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಮೇಲೆ ತೇವದ ಬಟ್ಟೆ. ಫ್ರಿಜ್ಜಿಲ್ಲದವರು ಹೀಗೂ ಇಡಬಹುದೆಂದು ಆಸ್ಪತ್ರೆಯ ನರ್ಸೇ ಹೇಳಿದ್ದಳು; ರೇವತಿಯ ತವರಿನಲ್ಲಿ ಬೆಣ್ಣೆ ಇಡುತ್ತಿದ್ದದ್ದೂ ಹಾಗೆಯೇ. ಸೀಸೆ ತಣ್ಣಗೆ ಕೂತಿತು. ದಿನಕ್ಕೆ ಹತ್ತು ಸಲ ಅವಳು ಅದನ್ನು ಮುಟ್ಟಿ ನೋಡುತ್ತಿದ್ದಳು. ಇನ್ನು ಬೇಕಾದದ್ದು ಒಂದು ಸಂಜೆ ಮಾತ್ರ.

ಅಂಥ ಸಂಜೆ ಬಂದದ್ದು ಒಂದು ಶುಕ್ರವಾರ. ಫ್ರೇಜರ್ ಟೌನಿನಲ್ಲಿ ಜಹನಾರಾಳ ನಾದಿನಿಯ ಮಗಳ ಮದುವೆ. ಗಂಡ ಜಿಯಾವುಲ್ಲಾ ಆಟೋ ತಂದು ಗಲ್ಲಿಯ ಬಾಯಲ್ಲಿ ನಿಲ್ಲಿಸಿಕೊಂಡು ಕೂಗುತ್ತಿದ್ದ. ಜರಿಯ ಸೀರೆಯುಟ್ಟು ಬೀಗ ಹಿಡಿದು ಹೊರಟಿದ್ದ ಜಹನಾರಾ, ಶಾಲೆಯಿಂದ ಬಂದ ಸೌಂದರ್ಯಾಳನ್ನು ಬಾಗಿಲಲ್ಲೇ ಹಿಡಿದಳು.

"ನಾನು ಬರೋದು ತಡ ಆಗುತ್ತೆ ಬೇಟಾ. ಈಗ್ಲೇ ಹಾಕ್ಬಿಡ್ತೀನಿ. ಅಮ್ಮ ನಲ್ಲಿ ಹತ್ರ ಇದಾಳೆ ಅನ್ಸುತ್ತೆ, ಕೂಗಿದ್ರೂ ಕೇಳ್ಲಿಲ್ಲ. ಬಂದ ತಕ್ಷಣ ಹೇಳು, ಇಂಜೆಕ್ಷನ್ ಆಗಿದೆ, ಈಗ್ಲೇ ಊಟ ಕೊಡ್ಬೇಕು ಅಂತ. ಮರೀಬೇಡ."

"ಮರೆಯಲ್ಲ ಖಾಲಾ."

ಹುಡುಗಿ ಮರೆಯಲಿಲ್ಲ. ಮರೆತಿದ್ದರೆ ಈ ಕಥೆಯನ್ನು ಮಗುವಿನ ಮರೆವಿನ ಮೇಲೆ ಹಾಕಿ ಎಲ್ಲರೂ ಕೈ ತೊಳೆದುಕೊಳ್ಳಬಹುದಿತ್ತು.

ಕೊಡ ಹೊತ್ತು ಬಂದ ರೇವತಿ ಕೆಳಗಿನ ಬಾಗಿಲಿನ ಬೀಗ ನೋಡಿದಳು. ನೋಡಿದ್ದೇ ಎದೆಯಲ್ಲಿ ಹಬ್ಬ. ಕೊಡ ಇಳಿಸಿ, ಮುಖ ತೊಳೆದು, ಕುಂಕುಮ ತಿದ್ದಿಕೊಂಡಳು. ಕೈಯನ್ನು ಸೋಪಿನಿಂದ ಎರಡೆರಡು ಸಲ ಉಜ್ಜಿದಳು. ಪೆಟ್ಟಿಗೆಯಿಂದ ಹೊಸ ಟವೆಲ್ಲು ತೆಗೆದು ಚಾಪೆಯ ಮೇಲೆ ಹಾಸಿದಳು. ಮಡಕೆಯಿಂದ ಸೀಸೆ ತಂದಳು, ಹೊಸ ಸಿರಿಂಜು ತಂದಳು. ಆಮೇಲೆ, ಯೂನಿಫಾರ್ಮ್ ಬದಲಿಸಿ ಬಂದು ನಿಂತಿದ್ದ ಮಗಳ ಕಡೆ ತಿರುಗಿ ನಕ್ಕಳು.

"ನೋಡಿದಿ? ಮದಿವಿ ಊಟ ಅಂದ ಕೂಡ್ಲೇ ನಿಮ್ ಖಾಲಾಗ ನಿನ್ ನೆನಪು ಹಾರೇ ಹೋಯ್ತು. ಹೆತ್ತಾಕಿ ಮರೀತಾಳೇನು? ಬಾ, ಕೂಡು. ಇವತ್ತಿಂದ ನಾನೇ."

"ಅವ್ವಾ…"

"ಅಂಜಬ್ಯಾಡ. ನೋವು ಮಾಡಂಗಿಲ್ಲ. ಕಲ್ತೀನಿ ನಾ."

ಸೌಂದರ್ಯಾ ಅವ್ವನನ್ನು ನೋಡಿದಳು. ಎಷ್ಟೋ ತಿಂಗಳುಗಳಿಂದ ಆ ಮುಖ ಹೀಗೆ ಅರಳಿದ್ದೇ ಇಲ್ಲ. ಹುಡುಗಿ ಚಾಪೆಯ ಮೇಲೆ ಕೂತು ತೋಳು ಮುಂದೆ ಮಾಡಿದಳು.

ರೇವತಿಯ ಕೈ ನಡುಗಲಿಲ್ಲ. ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿ, ಗೆರೆ ನೋಡಿ ಔಷಧಿ ಎಳೆದು, ಚರ್ಮ ಹಿಡಿದೆತ್ತಿ, ನೇರವಾಗಿ ಚುಚ್ಚಿ, ನಿಧಾನಕ್ಕೆ ಒತ್ತಿದಳು. ಒಂದು ಹನಿ ರಕ್ತವಿಲ್ಲ.

"ನೋವಾಯ್ತೇನು?"

"ಇಲ್ಲವ್ವಾ. ಖಾಲಾಗಿಂತ ಚೆನ್ನಾಗಿ ಹಾಕಿದಿ."

ಆ ಮಾತಿಗಾಗಿ ರೇವತಿ ಏನು ಬೇಕಾದರೂ ಕೊಡುತ್ತಿದ್ದಳು. ಒಲೆ ಹಚ್ಚಿ ಬಿಸಿ ರೊಟ್ಟಿ ಬಡಿದಳು. ಹುಡುಗಿ ಆತುರಾತುರವಾಗಿ ತಿಂದಳು. ಇನ್ನೊಂದು ರೊಟ್ಟಿ ಕೇಳಿದಳು, ಮತ್ತೊಂದು ಕೇಳಿದಳು. ತಾನು ಹಾಕಿದ ಇಂಜೆಕ್ಷನ್ನಿನ ಗುಣ ನೋಡು, ಮಗಳ ಹಸಿವೇ ತೆರೆಯಿತು ಎಂದು ರೇವತಿ ಹಿಗ್ಗಿದಳು.

"ಅವ್ವಾ, ಒಂದು ಚೂರು ಬೆಲ್ಲ ಇಲ್ಲೇನು?"

"ಬೆಲ್ಲಾ? ಇದೇನ್ ನಿಮ್ ಖಾಲಾ ಮನೀನಾ, ಕೇಳಿದ್ ಕೊಟ್ಟು ಹಾಳು ಮಾಡ್ಲಿಕ್ಕ?"

"ಸಕ್ರಿ?"

"ಸೌಂದರ್ಯಾ!"

ಹುಡುಗಿ ಮತ್ತೆ ಕೇಳಲಿಲ್ಲ. ನಾಲ್ಕನೆಯ ರೊಟ್ಟಿಯನ್ನು ಕಷ್ಟಪಟ್ಟು ನುಂಗುತ್ತಿದ್ದಳು.

ರೇವತಿ ಪಾತ್ರೆ ತೊಳೆದು, ಒಲೆ ಸಾರಿಸಿ, ಹಾಡು ಗುನುಗುತ್ತ ತಿರುಗಿದಾಗ ಹೊರಗೆ ಕತ್ತಲಾಗಿತ್ತು. ಸೌಂದರ್ಯಾ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ಬೆವರು ಹನಿಹನಿ ನಿಂತಿತ್ತು. ಕೈಗಳು ನಡುಗುತ್ತಿದ್ದವು. "ಯಾಕ ತಂಗಿ?" ಎಂದರೆ ಸಿಟ್ಟಿನಿಂದ ಏನೋ ಒದರಿದಳು. ಲೈಟು ಎರಡು ಕಾಣುತ್ತಿವೆ ಎಂದಳು. ತುಟಿ ಬಿಳಿಚಿಕೊಂಡಿತ್ತು. ಮುಟ್ಟಿದರೆ ಜ್ವರವಿಲ್ಲ, ಮೈ ತಣ್ಣಗೆ ಒದ್ದೆಯಾಗಿತ್ತು.

ರೇವತಿಗೆ ಥಟ್ಟನೆ ಹೊಳೆದದ್ದು ಸಕ್ಕರೆಯಲ್ಲ, ತಾಯತ. ಬಿಚ್ಚಬಾರದ್ದನ್ನು ಬಿಚ್ಚಿದ್ದಳು. ಕತ್ತರಿಸಿ ಡಬ್ಬಿಗೆ ಹಾಕಿದ್ದಳು. ಅದು ಸಿಟ್ಟಾಗಿದೆ, ತನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಳ್ಳುತ್ತಿದೆ. ಪೆಟ್ಟಿಗೆಯ ಮೇಲೆ ಹತ್ತಿ, ಡಬ್ಬಿಗಳನ್ನು ದಡದಡ ಕೆಡವಿ, ಕರಿಬಟ್ಟೆಯ ಪೊಟ್ಟಣವನ್ನು ಹುಡುಕಿ ತೆಗೆದಳು.

"ತಪ್ಪಾಯ್ತು ಪೀರಪ್ಪಾ. ನಾ ಮಾಡಿದ್ದು ನನಗ ಇರ್ಲಿ. ಕೂಸಿನ ಬಿಡಪ್ಪಾ. ಆಕಿ ಕೆಳಗಿನ ಮನಿಯಾಕಿನೇ ಆಗ್ಲಿ, ಜೀವ ಒಂದಿದ್ರ ಸಾಕು," ಎನ್ನುತ್ತ ಕತ್ತರಿಸಿದ ದಾರಕ್ಕೆ ಗಂಟು ಹಾಕಿ ಮಗಳ ಕೊರಳಿಗೆ ಕಟ್ಟಲು ಹೋದಳು.

ಹುಡುಗಿಯ ಕಣ್ಣು ಪೊಟ್ಟಣದ ಮೇಲೆ ಬಿತ್ತು. ನಡುಗುವ ಎರಡೂ ಕೈಯಲ್ಲಿ ಅದನ್ನು ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಳು, ಹಲ್ಲಿನಿಂದ ಹೊಲಿಗೆ ಹರಿದಳು. ತಾಯತ ಬಾಯಿಗೆ ಹಾಕಿಕೊಳ್ಳುತ್ತಾರೇನೇ ಎಂದು ರೇವತಿ ಕೈ ಹಿಡಿಯುವಷ್ಟರಲ್ಲಿ ಬಟ್ಟೆ ಬಿಚ್ಚಿತು. ಕಲ್ಲುಸಕ್ಕರೆಯ ಹರಳುಗಳು ಹುಡುಗಿಯ ಮಡಿಲಿಗೂ ಚಾಪೆಗೂ ಚೆಲ್ಲಿದವು. ಅವಳು ಕಟಕಟ ಕಡಿದು ನುಂಗುತ್ತಿದ್ದಳು.

"ಇನ್ನ… ಇನ್ನ ಸಕ್ರಿ ಬೇಕು ಅವ್ವಾ. ಖಾಲಾನೂ ಹಾಕಿದ್ಳು. ಹೋಗೋ ಮುಂಚೆ."

"ಏನ್ ಹಾಕಿದ್ಳು?"

"ಇಂಜೆಕ್ಷನ್."

ಚೆಲ್ಲಿದ ಹರಳುಗಳನ್ನು ಆರಿಸಿ ಆರಿಸಿ ಮಗಳ ಬಾಯಿಗಿಟ್ಟಳು ರೇವತಿ. ಅಷ್ಟೇ ಇದ್ದದ್ದು. ಮನೆಯಲ್ಲಿ ಇನ್ನೊಂದು ಚಿಟಿಕೆ ಸಿಹಿಯಿಲ್ಲ. ಯಾರ ಮನೆಯಲ್ಲೂ ಇಲ್ಲದಷ್ಟು ಚೊಕ್ಕವಾಗಿ ಎಲ್ಲವನ್ನೂ ಹೊರಗೆ ಹಾಕಿದ್ದಳಲ್ಲ, ಮಹಾತಾಯಿ. ಮಗಳನ್ನು ಹೆಗಲ ಮೇಲೆ ಹಾಕಿಕೊಂಡು, ಬರಿಗಾಲಲ್ಲಿ, ಕೆಳಗಿನ ಬೀಗದ ಬಾಗಿಲು ದಾಟಿ ಗಲ್ಲಿಯ ತುದಿಗೆ ಓಡಿದಳು. ಅಕ್ತರ್ ಪ್ರಶ್ನೆ ಕೇಳಲಿಲ್ಲ. ಸಕ್ಕರೆಯ ಡಬ್ಬಿಯನ್ನೇ ಎತ್ತಿ ಲೋಟಕ್ಕೆ ಸುರಿದು, ನೀರು ಹಾಕಿ ಕಲಕಿ ಕುಡಿಸಿದ. ಅಲ್ಲಿಯೇ ಚಹಾ ಕುಡಿಯುತ್ತ ಕೂತಿದ್ದ ದುರ್ಗೇಶ, ಹೆಂಡತಿಗೆ ಸಿಕ್ಕಿಬಿದ್ದೆನಲ್ಲ ಎಂದು ಒಂದು ಕ್ಷಣ ಬೆಚ್ಚಿದವನು, ಮಗಳ ಮುಖ ನೋಡಿ ಲೋಟ ಬಿಟ್ಟು ಆಟೋಗೆ ಓಡಿದ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿದರು. ಹುಡುಗಿಯ ಮುಖಕ್ಕೆ ಬಣ್ಣ ಬಂತು. ಸಕ್ಕರೆ ಹಾಕಿದ್ದು ಒಳ್ಳೆಯದಾಯಿತು, ಬೆಳಗಿನವರೆಗೆ ನೋಡಿ ಕಳಿಸುತ್ತೇವೆ ಎಂದರು. ರೇವತಿ ಮಂಚದ ಪಕ್ಕ ನೆಲದ ಮೇಲೆ ಕೂತು ಮಗಳ ಪಾದ ಹಿಡಿದುಕೊಂಡಿದ್ದಳು.

"ನನಗ್ಯಾಕ ಹೇಳ್ಲಿಲ್ಲವ್ವಾ? ಒಂದ್ ಮಾತು ಹೇಳಿದ್ರ ನಾ ಹಾಕ್ತಿದ್ನೇನು?"

ಸೌಂದರ್ಯಾ ಅವ್ವನ ಕಡೆ ಹೊರಳಿದಳು. "ನೀ ಭಾಳ ಖುಷಿಯಾಗಿದ್ದಿ ಅವ್ವಾ. ಹೊಸ ಟವೆಲ್ ಹಾಸಿದ್ದಿ. ಹೇಳಿದ್ರ ಮತ್ತ ಮುಖ ಸಣ್ಣ ಮಾಡ್ಕೋತಿದ್ದಿ. ಜಾಸ್ತಿ ಉಂಡ್ರ ಸರಿ ಹೋಗ್ತದ ಅಂದ್ಕೊಂಡೆ."

ನಾಲ್ಕು ರೊಟ್ಟಿ ತಿಂದದ್ದು ಹಸಿವಿಗಲ್ಲ. ಆ ಹುಡುಗಿ ತನ್ನ ಜೀವವನ್ನು ತಾನೇ ಕಾಯ್ದುಕೊಳ್ಳುತ್ತಿದ್ದಾಗ ತಾಯಿಯಾದವಳು ಹಾಡು ಗುನುಗುತ್ತ ಪಾತ್ರೆ ತೊಳೆದಿದ್ದಳು.

ಅಕ್ತರನಿಂದ ಸುದ್ದಿ ಕೇಳಿದ ಜಹನಾರಾ ಮದುವೆಯ ಜರಿಸೀರೆಯಲ್ಲೇ ವಾರ್ಡಿಗೆ ಬಂದಳು. ಮಲಗಿದ್ದ ಹುಡುಗಿಯ ತಲೆ ಸವರಿದಳು. ಆಮೇಲೆ ರೇವತಿಯನ್ನು ಹೊರಗಿನ ಕಾರಿಡಾರಿಗೆ ಎಳೆದುಕೊಂಡು ಹೋದಳು.

"ನೀನೂ ಔಷಧಿ ಇಟ್ಕೊಂಡಿದೀಯ ಅಂತ ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ? ಮಗು ಹೋಗ್ಬಿಡ್ತಿತ್ತು ರೇವತಿ!"

"ತಾಯತದಾಗ ಸಕ್ರಿ ಅದ ಅಂತ ನೀವು ಹೇಳ್ಬೇಕಿತ್ತಿಲ್ಲರೀ ಆಪಾ? ಹೆತ್ತಾಕಿಗಿ ಒಂದ್ ಮಾತು?"

"ಸ್ಕೂಲಲ್ಲಿ ಮಕ್ಕಳು ಇವಳಿಗೆ ನಾನು ಕೊಟ್ಟ ಕಲ್ಲುಸಕ್ಕರೆ ಕಿತ್ಕೊಂಡು ತಿಂತಿದ್ರು. ತಾಯತ ಅಂದ್ರೆ ಯಾರೂ ಮುಟ್ಟಲ್ಲ. ಅದಕ್ಕೆ ಹೊಲ್ದೆ."

"ಅದ ನನಗ್ಯಾಕ ಹೇಳ್ಲಿಲ್ರೀ?"

ಜಹನಾರಾ ಸೆರಗಿನ ಜರಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಹೇಳಿದ್ರೆ ಅದನ್ನೂ ನೀನೇ ಕಟ್ತೀನಿ ಅಂತಿದ್ದೆ," ಎಂದಳು ಕೊನೆಗೆ. "ಇಂಜೆಕ್ಷನ್ ಆದ ತಕ್ಷಣ ಮೇಲೆ ಓಡ್ತಾಳೆ. ಮೇಲೆ ನಿಮ್ಮಿಬ್ರ ನಗು ಕೇಳುತ್ತೆ. ಸೂಜಿ ಚುಚ್ಚೋಕೆ ನಾನು, ಮಡಿಲಲ್ಲಿ ಕೂಡಿಸ್ಕೊಳ್ಳೋಕೆ ನೀನು. ನಂದೂ ಅಂತ ಅವಳ ಮೈಮೇಲೆ ಏನಾದ್ರೂ ಇರ್ಲಿ ಅನ್ನಿಸ್ತು. ಅಷ್ಟೇ."

ರೇವತಿ ಅವಳನ್ನು ದಿಟ್ಟಿಸಿ ನೋಡಿದಳು. ಇಷ್ಟು ದಿನ ತನ್ನೊಬ್ಬಳ ಹೊಟ್ಟೆಯಲ್ಲಿ ಮಾತ್ರ ಉರಿಯುತ್ತಿದೆ ಎಂದುಕೊಂಡಿದ್ದ ಬೆಂಕಿ ಕೆಳಗಿನ ಮನೆಯಲ್ಲೂ ಉರಿಯುತ್ತಿತ್ತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು.

ಬೆಳಿಗ್ಗೆ ಡಾಕ್ಟರು ಸೂಜಿಯ ಲೆಕ್ಕ ಇನ್ನು ಒಬ್ಬರೇ ನೋಡಿಕೊಳ್ಳಿ ಎಂದು ಗದರಿಸಿ, ಇವತ್ತಿನ ಇಂಜೆಕ್ಷನ್ ಎಷ್ಟೆಂದು ಹೇಳಿ, ಮನೆಗೆ ಹೋಗಿ ತಿಂಡಿಗೆ ಮುಂಚೆ ಹಾಕಿ ಎಂದು ಕಳಿಸಿದರು. ಸೌಂದರ್ಯಾ ಮನೆಯ ಮೆಟ್ಟಿಲಿನ ನಡುವೆ ಕೂತುಬಿಟ್ಟಳು, ಕೆಳಗೂ ಹೋಗಲಿಲ್ಲ, ಮೇಲೂ ಹೋಗಲಿಲ್ಲ. ಜಹನಾರಾ ಫ್ರಿಜ್ಜಿನಿಂದ ಸೀಸೆ ತಂದಳು. ರೇವತಿ ಮಡಕೆಯಿಂದ ಸೀಸೆ ತಂದಳು. ಒಬ್ಬಳು ಕೆಳಗೆ, ಒಬ್ಬಳು ಮೇಲೆ.

"ನೀನೇ ಹಾಕು ರೇವತಿ," ಎಂದಳು ಜಹನಾರಾ.

"ಇಲ್ಲರೀ ಆಪಾ, ನೀವೇ ಹಾಕ್ರಿ," ಎಂದಳು ರೇವತಿ.

ಬಾಯಲ್ಲಿ ಹಾಗೆಂದರೂ ಇಬ್ಬರ ಕೈಯೂ ಮುಂದೆ ಚಾಚಿತ್ತು. ಹುಡುಗಿ ಎರಡೂ ಕೈಗಳನ್ನು ನೋಡಿದಳು. ಯಾರ ಸೀಸೆ ತೆಗೆದುಕೊಳ್ಳುತ್ತಾಳೆ? ಇಷ್ಟೆಲ್ಲ ಆದ ಮೇಲೂ ರೇವತಿಗೆ ಅದೊಂದೇ ಚಿಂತೆ, ಮತ್ತು ಅದಕ್ಕಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸೌಂದರ್ಯಾ ಎರಡೂ ಸೀಸೆ ತೆಗೆದುಕೊಂಡಳು. ಒಂದನ್ನು ಪಕ್ಕದಲ್ಲಿಟ್ಟು, ಇನ್ನೊಂದನ್ನು ಅಂಗೈಗಳ ನಡುವೆ ಹೊರಳಿಸಿದಳು. ಸಿರಿಂಜಿನಲ್ಲಿ ಔಷಧಿ ಎಳೆದು, ಗೆರೆ ಸರಿಯಿದೆಯೇ ಎಂದು ಇಬ್ಬರಿಗೂ ತೋರಿಸಿದಳು. ಫ್ರಾಕು ಮೊಣಕಾಲಿನಿಂದ ಮೇಲೆ ಸರಿಸಿ ತೊಡೆಯ ಚರ್ಮ ಹಿಡಿದಳು.

"ಬೇಟಾ, ಅಲ್ನೋಡು…" ಎಂದಳು ಜಹನಾರಾ, ಅಭ್ಯಾಸಬಲದಿಂದ.

"ಕಾಗೆ ತೋರಿಸ್ಬೇಡಿ ಖಾಲಾ. ನಾನು ನೋಡ್ಕೊಂಡೇ ಹಾಕ್ಕೋಬೇಕು."

ತುಟಿ ಕಚ್ಚಿಕೊಂಡು ಚುಚ್ಚಿಕೊಂಡಳು. ಮೊದಲ ಸಲವಾದ್ದರಿಂದ ನೋವಾಯಿತು, ಕಣ್ಣಲ್ಲಿ ನೀರು ಬಂತು. ರೇವತಿಯೂ ಜಹನಾರಾಳೂ ಒಟ್ಟಿಗೇ ಬಗ್ಗಿದರು, ಒಟ್ಟಿಗೇ ತಡೆದು ನಿಂತರು. ಹುಡುಗಿ ನಿಧಾನಕ್ಕೆ ಒತ್ತಿ, ಸೂಜಿ ತೆಗೆದು, ಹತ್ತಿ ಇಟ್ಟುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು.

"ಈಗ ಇಬ್ರಿಗೂ ಬೇಜಾರಿಲ್ಲ ಅಲ್ಲ?"

ಇಲ್ಲವೆಂದು ಇಬ್ಬರೂ ತಲೆಯಾಡಿಸಿದರು. ಇಬ್ಬರದೂ ಸುಳ್ಳು. ರೇವತಿ ರೊಟ್ಟಿ ಬಡಿಯಲು ಮೇಲೆ ಹೋದಳು. ಅಂದಿನ ರೊಟ್ಟಿಗಳನ್ನೆಲ್ಲ ಚಿಕ್ಕದಾಗಿ, ಒಂದೇ ಅಳತೆಯಲ್ಲಿ ಬಡಿದಳು.